ಕುಣಿಯೊಳಗಿನ ಕಾಲು

ದೀಪವನ್ನು ನಡುಮನೆಯಲ್ಲಿ ತೂಗಹಾಕಬೇಕು ಎಂದು ಅದನ್ನು ತಂದುಕೊಟ್ಟ ಫಕೀರಪ್ಪ ಮತ್ತೆ ಮತ್ತೆ ಹೇಳಿ ಹೋಗಿದ್ದ. ಬನವ್ವ ಅದನ್ನು ಮಗ್ಗದ ಮೇಲೆ ತೂಗಹಾಕಿದಳು.

ಅದು ಉದ್ಧಟತನವಲ್ಲ. ಗಜೇಂದ್ರಗಡದ ಆ ನೇಕಾರ ಓಣಿಯಲ್ಲಿ ದೀಪ ಎಂದರೆ ಮಗ್ಗದ ಮೇಲಿನ ದೀಪ. ಕಂದೀಲು ಇದ್ದ ಕಾಲದಲ್ಲೂ, ಬಲ್ಬು ಬಂದ ಮೇಲೂ ಮನೆಯ ಮೊದಲ ಬೆಳಕು ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ನೂಲಿಗೆ. ಅಡುಗೆ ಮಾಡುವವರು, ಓದುವ ಮಕ್ಕಳು ಅದರ ಅಂಚಿನಲ್ಲಿ ಕೂತು ಸಾಗಿಸಿಕೊಳ್ಳಬೇಕು. ಧಾರವಾಡದ ಕೇಂದ್ರದವರು ತಮ್ಮ ಯಂತ್ರಕ್ಕೆ ‘ಆಟದೀಪ’ ಎಂದು ಹೆಸರಿಟ್ಟಿದ್ದರು. ದೀಪ ಅಂದ ಮೇಲೆ ಮುಗಿಯಿತು. ಬನವ್ವ ಸ್ಟೂಲು ಹತ್ತಿ, ಹಳೆಯ ಕೊಂಡಿಗೆ ಅದನ್ನು ಸಿಕ್ಕಿಸಿ, ಕೈಮುಗಿದು ಇಳಿದಳು.

ಮಗ್ಗ ನಿಂತು ವರ್ಷ ಕಳೆದಿತ್ತು. ನೇಯುತ್ತಿದ್ದ ಗಂಡ ದಾನಪ್ಪ ಸತ್ತ ದಿನ ಎಷ್ಟಕ್ಕೆ ನಿಂತಿತ್ತೋ ಅಷ್ಟಕ್ಕೇ ಸೀರೆ ಅದರ ಮೇಲೆ ಬಿಗಿದುಕೊಂಡು ಕೂತಿತ್ತು. ಅದು ಕುಣಿಮಗ್ಗ. ನೆಲದಲ್ಲಿ ಆಳಕ್ಕೆ ತೋಡಿದ ಕುಣಿ. ನೇಯುವವನು ದಂಡೆಯ ಮೇಲೆ ಕೂತು ಕಾಲುಗಳನ್ನು ಅದರೊಳಗೆ ಇಳಿಬಿಟ್ಟು, ತಳದಲ್ಲಿರುವ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾನೆ. ತುಳಿದಾಗ ಹಾಸಿನ ನೂಲು ಬಾಯಿ ತೆರೆಯುತ್ತದೆ, ಆ ಬಾಯೊಳಗೆ ಲಾಳಿ ಓಡುತ್ತದೆ. ಪಕ್ಕದಲ್ಲಿ ಕೂತವರಿಗೆ ಕೈ ಕಾಣುತ್ತದೆ, ಲಾಳಿ ಕಾಣುತ್ತದೆ, ಮುಖ ಕಾಣುತ್ತದೆ. ಕಾಲು ಕಾಣುವುದಿಲ್ಲ. ಬನವ್ವ ಮದುವೆಯಾಗಿ ಬಂದಂದಿನಿಂದ ಆ ಪಕ್ಕದಲ್ಲಿ ಕೂತು ರಾಟಿ ತಿರುಗಿಸಿ, ಲಾಳಿಯೊಳಗೆ ಇಡುವ ಕಂಡಿಕಿಗೆ ನೂಲು ಸುತ್ತಿದವಳು. ಗಂಡನ ಕುಣಿಯಲ್ಲಿ ಹೆಂಡತಿ ಕಾಲಿಡಬಾರದು ಎನ್ನುವುದು ಅತ್ತೆ ಮಾಡಿಟ್ಟ ಕಟ್ಟಳೆ. ಅತ್ತೆ ಹೋದಳು, ಕಟ್ಟಳೆ ಉಳಿಯಿತು.

ಆ ಕುಣಿಯೊಳಗೆ ಇಳಿಯುವ ಅಧಿಕಾರ ಇದ್ದದ್ದು ಒಂದೇ ಒಂದು ಜೀವಕ್ಕೆ, ಬೆಕ್ಕಿಗೆ. ಮರಿಯಿದ್ದಾಗ ಮೂಲೆಯಲ್ಲಿ ಸುತ್ತಿಕೊಂಡು ಮಲಗಿದ್ದನ್ನು ನೋಡಿ ದಾನಪ್ಪ ಅದಕ್ಕೆ ಕಂಡಿಕಿ ಎಂದೇ ಹೆಸರಿಟ್ಟಿದ್ದ. ಅವನು ನೇಯುವಷ್ಟು ಹೊತ್ತೂ ಅದು ಕುಣಿಯಲ್ಲಿ. ಕೆಳಗೆ ಏನು ನಡೆಯುತ್ತಿತ್ತೋ ಮೇಲಿನವರಿಗೆ ತಿಳಿಯದು. “ಏ ಕಳ್ಳಿ, ಹೆಬ್ಬೆಟ್ಟ ಬಿಡಽ,” ಎಂದು ಅವನು ನಗುವುದಷ್ಟೇ ಕೇಳುತ್ತಿತ್ತು.

ಈಗ ದೀಪದ ಮಾತು. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಹಕ್ಕಿಗಳಿಗೆ ಗರಿಜ್ವರ ಬಂತಲ್ಲ, ಅದು ಹಕ್ಕಿ ಹಿಡಿಯುವ ಬೆಕ್ಕಿಗೆ ದಾಟಿತು, ಬೆಕ್ಕಿನಿಂದ ಮನುಷ್ಯರಿಗೆ ದಾಟುವ ಹಂತದಲ್ಲಿ ಸರಕಾರ ಎಚ್ಚೆತ್ತಿತು. ಸಾಕಿದ ಬೆಕ್ಕು ಹೊಸ್ತಿಲು ದಾಟಬಾರದೆಂದು ಕಾಯಿದೆಯಾಯಿತು. ಕಿಟಕಿಗೆ ಜಾಳಿಗೆ, ಹಿತ್ತಿಲಬಾಗಿಲಿಗೆ ಎರಡನೆಯ ಬಾಗಿಲು, ಬೆಕ್ಕಿನ ಕಿವಿಗೆ ಬಿಲ್ಲೆ. ಜನ ಹೊಂದಿಕೊಂಡರು, ಬೆಕ್ಕುಗಳು ಹೊಂದಿಕೊಳ್ಳಲಿಲ್ಲ. ಮಾಳಿಗೆಯಿಂದ ಮಾಳಿಗೆಗೆ ಹಾರಿ ಬೆಳೆದ ಪ್ರಾಣಿ ನಾಲ್ಕು ಗೋಡೆಯಲ್ಲಿ ಕೂತರೆ ಏನಾದೀತು? ಕೆಲವು ಊದಿಕೊಂಡವು. ಕೆಲವು ತಮ್ಮ ರೋಮವನ್ನೇ ನೆಕ್ಕಿ ನೆಕ್ಕಿ ಬೋಳಾದವು. ಕೆಲವು ಗೋಡೆಗೆ ಮುಖ ಮಾಡಿ ಕೂತವು, ಏಳಲೇ ಇಲ್ಲ. ದಾರಕ್ಕೆ ಕಾಗದ ಕಟ್ಟಿ ಎಳೆದರು, ಚೆಂಡು ಉರುಳಿಸಿದರು, ಗಿಲಕಿ ತಂದರು. ಎರಡು ದಿನ ಆಡುತ್ತಿದ್ದವು, ಮೂರನೆಯ ದಿನ ಮುಖ ತಿರುಗಿಸುತ್ತಿದ್ದವು.

ಆಗ ಹುಟ್ಟಿದ್ದು ಆಟದೀಪ. ಬೆಕ್ಕು ಬೇಟೆಗೆ ಹಾರುವ ಮುಂಚೆ ಅದರ ಮೈ ಎಲ್ಲವನ್ನೂ ಹೇಳಿಬಿಡುತ್ತದೆ. ಕಿವಿ ಯಾವ ಕಡೆ ತಿರುಗಿತು, ಕಣ್ಣಿನ ಪಾಪೆ ಎಷ್ಟು ಅಗಲವಾಯಿತು, ಮೀಸೆ ಹೇಗೆ ಮುಂದೆ ಬಂತು, ಬಾಲದ ತುದಿ ಯಾವಾಗ ಮಿಡಿಯಿತು: ಇಷ್ಟನ್ನು ನೋಡಬಲ್ಲ ಕಣ್ಣಿದ್ದರೆ, ಬೆಕ್ಕು ಎಲ್ಲಿ ಏನನ್ನು ನಿರೀಕ್ಷಿಸುತ್ತಿದೆ ಎಂದು ಅರೆಕ್ಷಣ ಮೊದಲೇ ಹೇಳಬಹುದು. ದೀಪಕ್ಕೆ ಆ ಕಣ್ಣಿತ್ತು. ಬೆಕ್ಕು ನಿರೀಕ್ಷಿಸಿದ ಜಾಗಕ್ಕೆ ಅದು ಒಂದು ತುಣುಕು ಬೆಳಕನ್ನೋ ನೆರಳನ್ನೋ, ಜೊತೆಗೆ ಕೇಳಿಯೂ ಕೇಳದಂಥ ಸದ್ದನ್ನೋ ಎಸೆಯುತ್ತಿತ್ತು. ಸರಿಯಾದರೆ ಬೆಕ್ಕು ಹಾರುತ್ತಿತ್ತು, ತಪ್ಪಾದರೆ ಕಿವಿ ಇಳಿಸುತ್ತಿತ್ತು. ಹಾಗೆ ತಿದ್ದಿಕೊಳ್ಳುತ್ತ ತಿದ್ದಿಕೊಳ್ಳುತ್ತ ದೀಪವು ಒಂದೊಂದು ಬೆಕ್ಕಿನ ಮನಸ್ಸಿನ ಬೇಟೆಯನ್ನು ಒಂದೊಂದು ಮನೆಯ ನೆಲದ ಮೇಲೆ ಬಿಡಿಸುತ್ತಿತ್ತು. ಬಹಳ ಮನೆಗಳಲ್ಲಿ ಅದು ಇಲಿ. ಕೆಲವು ಕಡೆ ಹಲ್ಲಿ. ಹಿಡಿದರೆ ಆಟ ಮುಗಿಯುತ್ತದೆ, ದೀಪ ಆರುತ್ತದೆ, ಬೆಕ್ಕು ಉಂಡು ಮಲಗುತ್ತದೆ. ಲೆಕ್ಕಾಚಾರ ಇಷ್ಟೇ.

ಬನವ್ವನ ಮನೆಯಲ್ಲಿ ದೀಪ ಇಲಿ ಬಿಡಿಸಿತು. ಕಂಡಿಕಿ ತಲೆ ಎತ್ತಲಿಲ್ಲ. ಹಲ್ಲಿ ಬಿಡಿಸಿತು, ಗುಬ್ಬಿ ಬಿಡಿಸಿತು. ಗಂಡ ಹೋದಂದಿನಿಂದ ಅದು ಕುಣಿಯ ತಳದಲ್ಲಿ ಹಲಗೆಗೆ ಗಲ್ಲ ಊರಿ ಬಿದ್ದದ್ದು ಬಿದ್ದೇ ಇತ್ತು. ಕುಣಿಗೆ ಹಲಗೆ ಮುಚ್ಚಿ ನೋಡಿದರೆ ಉಗುರು ಕಿತ್ತು ರಕ್ತ ಬರುವ ತನಕ ಪರಚಿತು. ಹೀಗಾಗಿಯೇ ಅಲ್ಲವೇ ದೀಪಕ್ಕೆ ಅರ್ಜಿ ಹಾಕಿದ್ದು.

ಒಂದು ಮಧ್ಯಾಹ್ನ ಬನವ್ವ ಜೋಳ ಹಸನು ಮಾಡುತ್ತಿದ್ದಳು. ಕುಣಿಯೊಳಗಿಂದ ಸದ್ದು ಬಂತು. ಟಪ್. ಸ್ವಲ್ಪ ತಡೆದು ಮತ್ತೆ, ಟಪ್. ಮರದ ಹಲಗೆ ತುಳಿದ ಸದ್ದಿನ ನೆರಳಿನಂತೆ.

ಮೊರ ಬಿಟ್ಟು ಎದ್ದು ಬಗ್ಗಿ ನೋಡಿದಳು. ಕಂಡಿಕಿ ಹಿಂಭಾಗ ಎತ್ತಿ, ಸೊಂಟ ಅಲ್ಲಾಡಿಸುತ್ತ ಹೊಂಚು ಹಾಕಿತ್ತು. ವರ್ಷದಿಂದ ಆಡದ ಬೆಕ್ಕು. ಅದರ ಮುಂದೆ, ಹಾಸಿನ ನೂಲಿನ ಸಂದಿಯಿಂದ ಸೋಸಿ ಇಳಿದ ಬೆಳಕಿನಲ್ಲಿ, ಒಂದು ಕಾಲು ಹಲಗೆ ತುಳಿಯುತ್ತಿತ್ತು. ಮೊಣಕಾಲಿನಿಂದ ಕೆಳಗಷ್ಟೇ. ಹೆಬ್ಬೆರಳು ಉಳಿದ ಬೆರಳುಗಳಿಂದ ಮುನಿಸಿಕೊಂಡಂತೆ ಪಕ್ಕಕ್ಕೆ ಸರಿದ ಕಾಲು.

ಬನವ್ವ ದಂಡೆ ಹಿಡಿದು ಕೂತುಬಿಟ್ಟಳು. ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂದರೂ ಏಳಲಿಲ್ಲ.

*

ಧಾರವಾಡದ ಕೇಂದ್ರದಲ್ಲಿ ನಿಗಾ ಕೋಣೆ ಎಂದೊಂದಿತ್ತು. ಗೋಡೆ ತುಂಬ ಪರದೆಗಳು. ಪ್ರತಿ ಪರದೆಯಲ್ಲಿ ಒಂದು ಮನೆಯ ನೆಲ, ಒಂದು ಬೆಕ್ಕು, ಅದರ ಮುಂದೆ ಓಡುವ ಒಂದು ಬೆಳಕು. ಅದರ ಉಸ್ತುವಾರಿ ಊರ್ಮಿಳಾ ದೇಸಾಯಿ ಅವರದು. ದೀಪಕ್ಕೆ ನೋಡುವುದನ್ನು ಕಲಿಸಿದವರು ಅವರೇ.

ಇಲಿ ಹಲ್ಲಿಗಳ ನಡುವೆ ಬೇರೆ ಏನೋ ಬರತೊಡಗಿದ್ದನ್ನು ಮೊದಲು ಕಂಡವರೂ ಅವರೇ. ಗದಗಿನ ಒಂದು ಮನೆಯಲ್ಲಿ ತೊಟ್ಟಿಲಿನಿಂದ ಇಳಿಬಿದ್ದ ಪುಟ್ಟ ಕೈ. ಆ ಮನೆಯಲ್ಲಿ ಈಗ ತೊಟ್ಟಿಲು ಇರಲಿಲ್ಲ. ಹುಬ್ಬಳ್ಳಿಯ ಒಂದು ಮನೆಯಲ್ಲಿ ಬೆರಳಿನ ತುದಿಯಲ್ಲಿ ಹಾಲಿನ ಕೆನೆ ಹಿಡಿದು ಚಾಚುವ ಮುದಿ ಕೈ. ಬೆಕ್ಕು ಮರೆಯದೆ ಇದ್ದದ್ದನ್ನೆಲ್ಲ ದೀಪ ಬಿಡಿಸುತ್ತಿತ್ತು. ಸತ್ತವರು, ಇದ್ದವರು ಎಂಬ ಭೇದ ಅದಕ್ಕೆ ಯಾರೂ ಕಲಿಸಿರಲಿಲ್ಲ. ಕೇಂದ್ರದ ಕಡತದಲ್ಲಿ ಇವುಗಳಿಗೆ ‘ಉಳಿಕೆ’ ಎಂದು ಹೆಸರು ಬಿತ್ತು. ಕೆಲವು ಮನೆಯವರು ದೀಪವನ್ನು ಒಡೆದು ಹಾಕಿದರು. ಕೆಲವರು ಅದರ ಮುಂದೆ ಊದುಬತ್ತಿ ಹಚ್ಚಿದರು. ಬ್ಯಾಡಗಿಯ ಒಬ್ಬಾಕೆ ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬಂದುಹೋಗುವ ಯಾರದೋ ಚಪ್ಪಲಿಗಾಲು ಬೆಳಕಿನಲ್ಲಿ ಓಡಾಡುವುದು ಕಂಡು ದೀಪವನ್ನು ಬಾವಿಗೆ ಎಸೆದಳೆಂದು ಫಕೀರಪ್ಪ ಊರೆಲ್ಲ ಹೇಳಿಕೊಂಡು ನಗುತ್ತಿದ್ದ.

ಫಕೀರಪ್ಪ ಮನೆಮನೆಗೆ ಹೋಗಿ ದೀಪ ನೋಡಿ ಬರುವವನು. ಅಂದು ಗಜೇಂದ್ರಗಡದಿಂದ ಬಂದವನು ಕುರ್ಚಿ ಎಳೆದುಕೊಂಡ.

“ಮೇಡಂ, ಬನವ್ವಾರದು ಒಂದ್ ಕಂಪ್ಲೇಂಟ್ ಐತ್ರಿ. ‘ಎಡಗಾಲ ಛಲೋ ಓಡತೈತಿ, ಬಲಗಾಲ ಓಡಂಗಿಲ್ಲ, ರಿಪೇರಿ ಮಾಡಿಕೊಡು’ ಅಂತಾರ್ರಿ.”

“ಬಲಗಾಲ ಕಾಣಂಗೇ ಇಲ್ಲೇನು?”

“ಕಾಣತೈತ್ರಿ. ಹಲಗಿ ಪಕ್ಕಕ್ಕ ಮಬ್ಬಾಗಿ ಇಟ್ಟಂಗ ಇರತೈತಿ. ಅಲ್ಲಾಡಂಗಿಲ್ಲ. ನಾ ಲೆನ್ಸ್ ಒರೆಸಿ ನೋಡಿದ್ನಿ, ಬ್ಯಾರೆ ದೀಪ ಹಾಕಿ ನೋಡಿದ್ನಿ. ಏನ್ ಮಾಡಿದ್ರೂ ಅದಽ ಹಾಡು.” ಅವನ ನಗು ಇಳಿಯಿತು. “ಇನ್ನೊಂದ್ ಐತ್ರಿ. ಬೆಕ್ಕು ಹಗುರಾಗೇತಿ. ಎತ್ತಿದ್ರ ಬರೇ ತೊಗಲು ಬಂದಂಗ ಬರತೈತಿ.”

ಊರ್ಮಿಳಾ ಆ ಪರದೆಯನ್ನು ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದರು. ತಪ್ಪು ತಮ್ಮದೇ ಎಂದು ಅವರಿಗೆ ಹೊಳೆಯಿತು. ಇಲಿಯನ್ನು ಹಿಡಿದರೆ ಆಟ ಮುಗಿಯುತ್ತದೆ. ಕಾಲನ್ನು ಹಿಡಿದು ಮುಗಿಸುವುದು ಹೇಗೆ? ಬದುಕಿದ್ದಾಗ ದಾನಪ್ಪ ಊಟದ ಹೊತ್ತಿಗೆ ಕುಣಿ ಬಿಟ್ಟು ಏಳುತ್ತಿದ್ದ, ಬೆಕ್ಕೂ ಏಳುತ್ತಿತ್ತು. ಬೆಳಕಿನ ಕಾಲಿಗೆ ಹಸಿವಿಲ್ಲ. ಬೆಕ್ಕು ನಿರೀಕ್ಷಿಸುವಷ್ಟು ಹೊತ್ತು ಅದು ತುಳಿಯುತ್ತದೆ, ಅದು ತುಳಿಯುವಷ್ಟು ಹೊತ್ತು ಬೆಕ್ಕು ನಿರೀಕ್ಷಿಸುತ್ತದೆ.

“ಕೇಂದ್ರದ ಕಮಿಟಿಯವರು ಉಳಿಕೆ ಎಲ್ಲಾ ಅಳಿಸಿಬಿಡ್ರಿ ಅಂದಾರ,” ಎಂದರು ಊರ್ಮಿಳಾ. “ಇಲ್ಲೇ ಕೂತು ಅಳಿಸಬಹುದು. ಒಂದ್ ಗುಂಡಿ ಒತ್ತಿದ್ರ ಆತು.”

“ಬನವ್ವಾರಿಗೆ ಹೇಳದಽ ಒತ್ತತೀರೇನ್ರಿ?”

ಊರ್ಮಿಳಾ ಮತ್ತೆ ಪರದೆಯ ಕಡೆ ತಿರುಗಿದರು. ಪರದೆಯ ಅಂಚಿನಲ್ಲಿ ಕುಣಿಯ ದಂಡೆಗೆ ಆತುಕೊಂಡ ಸೀರೆಯ ನೆರಿಗೆ ಕಾಣುತ್ತಿತ್ತು. ಅದು ಬೆಳಿಗ್ಗೆಯಿಂದ ಅಲ್ಲೇ ಇತ್ತು.

*

“ಧಾರವಾಡದ ಬಾಯಾರ ಬಂದಾರ, ಚಾ ಇಡು,” ಎಂದು ಪಕ್ಕದ ಮನೆಯ ಹುಸೇನಬಿ ಬನವ್ವನನ್ನು ದಂಡೆಯಿಂದ ಎಬ್ಬಿಸಬೇಕಾಯಿತು. ಹುಸೇನಬಿಯೂ ಒಂದು ಕಾಲದಲ್ಲಿ ನೇಯ್ದವಳೇ. ಈಗ ಕಣ್ಣು ಮಬ್ಬಾಗಿ ಮಗ್ಗ ಮಾರಿ, ಬಾಯಿಯಲ್ಲಿ ನೇಯುತ್ತೇನೆ ಎನ್ನುತ್ತಿದ್ದಳು.

ಊರ್ಮಿಳಾ ಬಗ್ಗಿ ಕುಣಿ ನೋಡಿದರು. ಪರದೆಯಲ್ಲಿ ಕಂಡದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿತ್ತು. ಕುಣಿಯಿಂದ ತಂಪು ಏಳುತ್ತಿತ್ತು, ನೂಲಿಗೆ ಹಚ್ಚಿದ ಹಳೆಯ ಗಂಜಿಯ ವಾಸನೆ ಬರುತ್ತಿತ್ತು. ಬೆಕ್ಕಿನ ಪಕ್ಕೆಲುಬು ಎಣಿಸುವಂತಿತ್ತು. ಆದರೂ ಅದು ಹಾರುತ್ತಿತ್ತು, ಬೀಳುತ್ತಿತ್ತು, ಮತ್ತೆ ಹಾರುತ್ತಿತ್ತು. ಆಟ ಅನ್ನುವಂತಿರಲಿಲ್ಲ ಅದು.

“ಬನವ್ವಾರ, ಇದು ಹಿಂಗಽ ನಡದ್ರ ಬೆಕ್ಕು ಉಳಿಯಂಗಿಲ್ಲ,” ಎಂದರು.

“ನೀವು ದೀಪ ಆರಸ್ರಿ ಅಂತೀರಿ. ಆರಿಸಿ ನೋಡೇನಿ ನಾ. ಆರಿಸಿದ್ರ ತಳದಾಗ ಬಿದ್ದು ಅಳತೈತಿ. ಹಾಲು ಮೂಸಂಗಿಲ್ಲ.”

“ಆರಸೋದಲ್ರಿ. ದೀಪದಾಗಿನ ಆ ಕಾಲು ಅಳಿಸಿ, ಹೊಸದಾಗಿ ಕಲಿಸಬೇಕು. ದಾರ, ಗರಿ, ಏನಾರ ಹಿಡಿದು ನೀವು ಆಡಿಸಬೇಕು.”

“ಅಳಸೂದು.” ಬನವ್ವ ಆ ಮಾತನ್ನು ಬಾಯಿಯಲ್ಲಿಟ್ಟು ನೋಡಿದಳು. “ಒಮ್ಮಿ ಸುಟ್ಟೇವ್ರಿ ನಾವು. ಮತ್ತೊಮ್ಮಿ ಸುಡೂದು ಯಾವ ಶಾಸ್ತ್ರದಾಗ ಐತಿ?”

ಹುಸೇನಬಿ ಚಹಾದ ಬಸಿ ಕೆಳಗಿಟ್ಟಳು. ಯಾರೂ ಮುಟ್ಟಲಿಲ್ಲ.

“ಅದಿರಲಿ, ಮೊದಲ ಆ ಬಲಗಾಲ ರಿಪೇರಿ ಮಾಡ್ರಿ,” ಎಂದಳು ಬನವ್ವ. “ಅವರು ಕುಂಟ ಇದ್ದಿಲ್ಲ. ಈ ಓಣ್ಯಾಗ ಅವರಂಥಾ ನೇಕಾರ ಇದ್ದಿಲ್ಲ, ಬೇಕಾರ ಈಕೀನ್ನ ಕೇಳ್ರಿ.”

“ದೀಪದಾಗ ದೋಷ ಇಲ್ರಿ.” ಊರ್ಮಿಳಾ ಮಾತು ಆರಿಸಿ ಆರಿಸಿ ಇಟ್ಟರು. “ಅದು ಬೆಕ್ಕಿನ ನೆನಪು. ಆ ಕಾಲು ಓಡತದ ಅನ್ನೋದು ಬೆಕ್ಕಿನ ನೆನಪಿನಾಗ ಇಲ್ಲ.”

“ಬೆಕ್ಕಿಗೇನ್ ತಿಳೀತೈತಿ!”

ಅವಳ ದನಿ ಒಮ್ಮೆಲೇ ಏರಿತು. ಹುಸೇನಬಿ ಬೇರೆ ಕಡೆ ನೋಡಿದಳು. ದಾನಪ್ಪ ಸತ್ತದ್ದು ಬಲಗಾಲಿನ ಹುಣ್ಣು ವಿಷವಾಗಿ ಎಂದು ಓಣಿಗೆಲ್ಲ ಗೊತ್ತಿತ್ತು. ಸಕ್ಕರೆ ರೋಗದ ಮೈ. ‘ಮೊನ್ನೆ ಮೊಳೆ ಚುಚ್ಚಿತು’ ಎಂದು ಅವನು ಹೆಂಡತಿಗೆ ಹೇಳಿದ್ದ. ಆಸ್ಪತ್ರೆಗೆ ಒಯ್ದಾಗ ಅವಳೂ ಅದನ್ನೇ ಹೇಳಿದಳು. ಡಾಕ್ಟರರು ಗಾಯಕ್ಕೆ ಸುತ್ತಿದ ಬಟ್ಟೆ ಬಿಚ್ಚಿ ನೋಡಿ, “ಇದು ಮೊನ್ನೆಯದಲ್ಲ. ತಿಂಗಳುಗಟ್ಟಲೆಯದು. ಮನೆಯಲ್ಲಿ ಯಾರೂ ನೋಡಲಿಲ್ಲವೇ?” ಎಂದು ಕೇಳಿದ್ದರು. ಇಲ್ಲರೀ, ಮೊನ್ನೆಯದು ಎಂದು ಬನವ್ವ ಅವರ ಜೊತೆ ಜಗಳವನ್ನೇ ಆಡಿದ್ದಳು. ಅಂದಿನಿಂದ ಇಂದಿನ ತನಕ ಅವಳು ಒಳಗೊಳಗೆ ಆ ಜಗಳವನ್ನು ನಿಲ್ಲಿಸಿರಲಿಲ್ಲ.

ಊರ್ಮಿಳಾ ಎದ್ದು ಹೊರಟವರು ಬಾಗಿಲಲ್ಲಿ ನಿಂತರು. “ಫಕೀರಪ್ಪ ಮುಂದಿನ ಸಲ ತೂಕ ಮಾಡ್ಲಿಕ್ಕೆ ಬರತಾರ. ಆಗ ಬೆಕ್ಕಿನ ತೂಕ ಇನ್ನಷ್ಟು ಇಳದಿದ್ರ ನಾನು ಅಳಿಸಬೇಕಾಗತದ. ಅಳಸೋದು ಬ್ಯಾಡ ಅಂದ್ರ ಒಂದಽ ದಾರಿ ಅದ. ಕುಣಿಯೊಳಗ ಅದಕ್ಕ ಬ್ಯಾರೆ ಏನಾರ ಸಿಗಬೇಕು. ಬೆಚ್ಚಗಿಂದು, ಹಿಡೀಲಿಕ್ಕೆ ಸಿಗೋದು, ಊಟದ ಹೊತ್ತಿಗೆ ಏಳೋದು. ಅದು ಸಿಕ್ರ ಬೆಕ್ಕು ಬೆಳಕು ಬಿಡತದ. ಬೆಕ್ಕು ಬಿಟ್ರ ದೀಪನೂ ಬಿಡತದ.”

“ಅಂದ್ರ ಅವಾಗೂ ಆ ಕಾಲು ಹೋಗತಾವಲ್ರಿ?”

“ಹೋಗತಾವ್ರಿ,” ಎಂದರು ಊರ್ಮಿಳಾ. ಸುಳ್ಳು ಹೇಳಲು ಅವರಿಗೆ ಬರಲಿಲ್ಲ. “ನಿಧಾನಕ್ಕ.”

*

ಮರುದಿನ ಬೆಳಿಗ್ಗೆ ಬನವ್ವ ಕುಣಿಯ ದಂಡೆಯ ಮೇಲೆ ಗಂಡ ಕೂರುವ ಜಾಗದಲ್ಲಿ ಕೂತಳು. ಕಾಲು ಮಡಚಿಕೊಂಡೇ ಕೂತಳು. ಅತ್ತೆಯ ಕಟ್ಟಳೆ ಕಾಲನ್ನು ಹಿಡಿದಿತ್ತು. ಕೆಳಗೆ ಟಪ್, ಟಪ್.

“ಮುಹೂರ್ತ ನೋಡಾಕತ್ತಿಯೇನಽ ಬನಕ್ಕಾ?” ಬಾಗಿಲಲ್ಲಿ ಹುಸೇನಬಿ.

“ಅತ್ತಿ ನೆನಪಾತು.”

“ನಿಮ್ಮತ್ತಿ ನಾನು ಮಗ್ಗಕ್ಕ ಕುಂತಾಗೂ ಬೈದಾಕಿ. ‘ಹೆಂಗಸರು ಕುಂತ್ರ ಮಗ್ಗ ಮುನಿಸತೈತಿ’ ಅಂತಿದ್ಲು. ನನ್ನ ಮಗ್ಗ ಎಂದೂ ಮುನಿಸ್ಲಿಲ್ಲ, ಬರೇ ನನ್ನ ಗಂಡ ಮುನಿಸತಿದ್ದ. ಇಳಸು ಕಾಲು.”

ಬನವ್ವ ನಕ್ಕಳೋ ಅತ್ತಳೋ, ಕಾಲು ಇಳಿಯಿತು.

ತಂಪು ಮೊದಲು ಹಿಮ್ಮಡಿಗೆ ತಾಕಿತು. ಎಡಗಾಲು ಎಡ ಹಲಗೆಯ ಮೇಲೆ, ಬಲಗಾಲು ಬಲ ಹಲಗೆಯ ಮೇಲೆ. ಮರ ಸವೆದು ಪಾದದ ಆಕಾರಕ್ಕೆ ತಗ್ಗಾಗಿತ್ತು. ಆ ತಗ್ಗಿಗೆ ಅವಳ ಪಾದ ಚಿಕ್ಕದು. ಕಂಡಿಕಿ ಮೂಲೆಗೆ ಸರಿದು ಬೆನ್ನು ಉಬ್ಬಿಸಿತು. ಬೆಳಕಿನ ಕಾಲು ಮಾತ್ರ ನಿಲ್ಲಲಿಲ್ಲ. ಅದು ಬಂದು ಅವಳ ಎಡಗಾಲಿನ ಮೇಲೆ ಇಳಿಯಿತು. ಭಾರವಿಲ್ಲ, ಬಿಸಿಯಿಲ್ಲ. ತನ್ನ ಪಾದದ ಮೇಲೆ ನಿಂತ ಆ ಪಾದವನ್ನು ಬನವ್ವ ಬಗ್ಗಿ ನೋಡಿದಳು.

“ಎಡಗಾಲು ತುಳಿದ ಮ್ಯಾಲೆ ಬಲಗಾಲು. ಅಷ್ಟಽ ಇರೂದು,” ಎಂದಳು ಹುಸೇನಬಿ. “ಕೈಯಿನ ಕೆಲಸ ನೀ ನೋಡೀಯೆಲ್ಲ ಇಷ್ಟು ವರ್ಷ.”

ಬನವ್ವ ಎಡಗಾಲು ಒತ್ತಿದಳು. ಹಾಸು ಬಾಯಿ ತೆರೆಯಿತು. ಲಾಳಿ ಎಸೆದಳು, ಅರ್ಧಕ್ಕೆ ನಿಂತಿತು, ಕೈಯಿಂದ ಎಳೆದುಕೊಂಡಳು. ಈಗ ಬಲಗಾಲು. ಒತ್ತಬೇಕು ಎನ್ನುವಷ್ಟರಲ್ಲಿ ಬೆಳಕಿನ ಎಡಗಾಲು ಎದ್ದಿತು. ಎದ್ದು, ತನ್ನ ಹಲಗೆ ಬಿಟ್ಟು, ಈಚೆಗೆ ದಾಟಿ ಬಂದು ಅವಳ ಬಲಗಾಲಿನ ಮೇಲೆ ನಿಂತು ತುಳಿಯಿತು. ಟಪ್. ಮತ್ತೆ ಎದ್ದು ಆಚೆ ಹೋಯಿತು. ಟಪ್. ಮತ್ತೆ ಈಚೆ.

ಮೇಲಿನಿಂದ ನೋಡಿದಾಗ ನೂಲಿನ ನೆರಳಿನಲ್ಲಿ ಇದು ಕಂಡಿರಲಿಲ್ಲ. ಕಾಲು ತುಳಿಯುತ್ತಿದೆ ಅಂದುಕೊಂಡಿದ್ದಳು, ಅಷ್ಟೆ. ಯಾವ ಹಲಗೆ ಎಂದು ನೋಡಿರಲಿಲ್ಲ.

ಬನವ್ವನ ಕೈಯಿಂದ ಲಾಳಿ ಜಾರಿತು.

“ಹುಸೇನಬೀ, ಒಂದಽ ಕಾಲಾಗ ನೇಯಾಕ ಬರತೈತೇನಽ?”

“ಯಾಕ ಬರಂಗಿಲ್ಲ? ಒಂದಽ ಕಾಲು ಆಚೀ ಈಚೀ ಕುಣಿಸಿಕೋಂತ ಇರಬೇಕು. ಸೀರಿ ಮುಗಿಯೂದರಾಗ ಸೊಂಟ ಮುಗೀತೈತಿ.” ಹುಸೇನಬಿಯ ನಗು ಅಲ್ಲಿಗೇ ಕಡಿಯಿತು. ಅವಳು ಹತ್ತಿರ ಬಂದು ಬಗ್ಗಿದಳು. ಮಬ್ಬುಗಣ್ಣಿಗೂ ಅದು ಕಂಡಿರಬೇಕು. “ಯಾ ಅಲ್ಲಾ,” ಎಂದು ದಂಡೆಯ ಮೇಲೆ ಬನವ್ವನ ಪಕ್ಕಕ್ಕೆ ಕೂತಳು.

ಕೊನೆಯ ವರ್ಷ ಸೀರೆಗಳು ತಡವಾಗುತ್ತಿದ್ದವು. ಕೇಳಿದರೆ, ನೂಲು ಸರಿಯಿಲ್ಲ ಅನ್ನುತ್ತಿದ್ದ. ಊಟಕ್ಕೆ ಕರೆದರೆ, ನೀ ಬಡಿಸಿಡು, ನಾ ಬರತೀನಿ ಎಂದು ಅವಳು ಒಳಗೆ ಹೋದ ಮೇಲೆಯೇ ಕುಣಿ ಬಿಟ್ಟು ಏಳುತ್ತಿದ್ದ. ಸೊಂಟ ನೋವು ಅಂದಾಗ ಅವಳು ಸೊಂಟಕ್ಕೆ ಎಣ್ಣೆ ತಿಕ್ಕಿದ್ದಳು. ಒಂದು ಗೇಣು ಕೆಳಗೆ ಹೋಗಿರಲಿಲ್ಲ ಕೈ. ಇಡೀ ಒಂದು ವರ್ಷ, ಅವಳು ರಾಟಿ ತಿರುಗಿಸುತ್ತ ಅಕ್ಕಪಕ್ಕದವರ ಸುದ್ದಿ ಹೇಳುತ್ತ ಕೂತಿದ್ದ ಜಾಗದಿಂದ ಎರಡು ಮೊಳ ಕೆಳಗೆ, ಒಂದು ಕಾಲು ಸತ್ತು ಇನ್ನೊಂದು ಕಾಲು ಅದರ ದುಡಿಮೆಯನ್ನೂ ದುಡಿದಿತ್ತು. ಬೆಕ್ಕು ಓಡುವ ಕಾಲಿನ ಜೊತೆ ಆಡಿತ್ತು, ಓಡದ ಕಾಲಿಗೆ ಆತು ಮಲಗಿತ್ತು.

“ಡಾಕ್ಟರು ಖರೇ ಹೇಳಿದ್ರು,” ಎಂದಳು ಬನವ್ವ.

“ಆತ ನಿನಗ ಕಾಣಬಾರದು ಅಂತ ಮುಚ್ಚಿಟ್ಟಾನ. ನಿಂದೇನೈತಿ ಅದರಾಗ?”

“ಮುಚ್ಚಿಡಾಕ ಜಾಗಾ ಐತಿ ಅಂತ ಗೊತ್ತಿದ್ದಿಲ್ಲ ನನಗ.”

ಕೆಳಗೆ ಒಂಟಿ ಕಾಲು ಕುಣಿಯುತ್ತಲೇ ಇತ್ತು. ಈ ಹಲಗೆಯಿಂದ ಆ ಹಲಗೆಗೆ, ಆ ಹಲಗೆಯಿಂದ ಈ ಹಲಗೆಗೆ. ಇಷ್ಟು ದಿನ ಅದು ಗಂಡ ಎಂದು ಕಾಯ್ದಿದ್ದಳು. ಈಗ ನೋಡಿದರೆ ಅದು ಅವನ ನೋವು. ಅವನು ಬಿಟ್ಟು ಹೋದರೂ ಬಿಡುವು ಸಿಗದೆ ದುಡಿಯುತ್ತಿರುವ ನೋವು. ಬೆಕ್ಕು ಮೂಲೆಯಿಂದ ಅದರ ಕಡೆ ತೆವಳಿತು. ಅದರ ಕಾಲುಗಳು ನಡುಗುತ್ತಿದ್ದವು.

“ಸಾಕು ಮಾಡ್ರಿ ಇನ್ನ,” ಎಂದಳು ಬನವ್ವ. ಹುಸೇನಬಿಗಲ್ಲ.

ಲಾಳಿ ಎತ್ತಿಕೊಂಡು, ಬಲಗಾಲಿನ ಮೇಲೆ ಆ ಬೆಳಕು ನಿಂತಿದ್ದಂತೆಯೇ, ಬಲಗಾಲನ್ನು ಒತ್ತಿದಳು.

*

ಅವಳ ನೇಯ್ಗೆ ನೇಯ್ಗೆಯಾಗಲು ಸಮಯ ಹಿಡಿಯಿತು. ಸಾಲು ಸಡಿಲ, ಅಂಚು ಹಾವಿನಂತೆ. ಎಡಗಾಲಿನಿಂದಲೇ ಎರಡು ಸಲ ತುಳಿದು ನಾಲಿಗೆ ಕಚ್ಚಿಕೊಳ್ಳುವುದು ಅವಳಿಗೆ ಅಭ್ಯಾಸವೇ ಆಯಿತು. “ಈ ಸೀರಿ ಉಟ್ಟಾಕಿ ಸೀದಾ ನಡೆಯಂಗಿಲ್ಲ ಬಿಡು,” ಎನ್ನುತ್ತಿದ್ದಳು ಹುಸೇನಬಿ. ಆದರೆ ಕುಣಿಯಲ್ಲಿ ಬಿಸಿಯಾದ ಕಾಲುಗಳು ಬಂದಿದ್ದವು. ಕಂಡಿಕಿ ಮೊದಲು ಮೂಸಿತು. ಒಂದು ದಿನ ಕಿರುಬೆರಳಿಗೆ ಹಲ್ಲು ತಾಗಿಸಿ ನೋಡಿತು. ಬನವ್ವ ಕಿರುಚಿ ಕಾಲೆತ್ತಿದಾಗ ಅದರ ಕಿವಿ ನೆಟ್ಟಗಾಯಿತು. ಬೆಳಕು ಎಂದೂ ಕಿರುಚಿರಲಿಲ್ಲ. ಊಟದ ಹೊತ್ತಿಗೆ ಆ ಕಾಲುಗಳು ಮೇಲೇಳುತ್ತಿದ್ದವು. ಒಂದು ದಿನ ಬೆಕ್ಕೂ ಅವುಗಳ ಹಿಂದೆ ಎದ್ದು ಬಂದು, ರೊಟ್ಟಿ ಮುರಿದು ಹಾಕಿದ ಹಾಲಿಗೆ ಬಾಯಿ ಹಾಕಿತು.

ನಿಗಾ ಕೋಣೆಯಲ್ಲಿ ಊರ್ಮಿಳಾ ಆ ಒಂದು ಪರದೆಯನ್ನು ಬೇರೆಯಾಗಿ ಇಟ್ಟುಕೊಂಡಿದ್ದರು. ದಿನದಿನಕ್ಕೂ ಬೆಳಕಿನ ಕಾಲು ತೆಳುವಾಗುತ್ತ ಬಂತು. ಮೊದಲು ಬೆರಳು ಹೋದವು, ಆಮೇಲೆ ಹಿಮ್ಮಡಿ. ಬಲಗಾಲಿನ ಮಬ್ಬು ಕಲೆ ಕೊನೆಯ ತನಕ ಉಳಿದಿತ್ತು. ಬನವ್ವನ ಬಲಗಾಲು ಅದರ ಪಕ್ಕದಲ್ಲೇ ತುಳಿದು ತುಳಿದು, ಒಂದು ದಿನ ಆ ಕಲೆಯೂ ಇಲ್ಲವಾಯಿತು. ತೂಕ ಮಾಡಲು ಹೋಗಿದ್ದ ಫಕೀರಪ್ಪ ಅಲ್ಲಿಂದಲೇ ಫೋನಿನಲ್ಲಿ ಕೂಗಿದ: “ಮೇಡಂ, ಏರೇತ್ರಿ! ನನ್ನ ಪರಚತು!” ಊರ್ಮಿಳಾ ನಕ್ಕರು. ಕಡತದಲ್ಲಿ, ಉಳಿಕೆ ಇಲ್ಲ ಎಂದು ಬರೆದು ಪರದೆಯನ್ನು ಉಳಿದವುಗಳ ಸಾಲಿಗೆ ಸೇರಿಸಿದರು.

ಅದಾದ ಮೇಲೆ ಒಂದು ಸಂಜೆ ಬನವ್ವ ಸಂತೆಗೆ ಹೋಗಿದ್ದಳು. ಬಹಳ ದಿನದ ಮೇಲೆ ಹೊರಗೆ ಬಿದ್ದದ್ದು. ಕಂಡವರೆಲ್ಲ ಮಾತಾಡಿಸಿದರು, ತಡವಾಯಿತು. ಕೈಚೀಲ ಹಿಡಿದು ಹಿತ್ತಿಲ ಕಡೆಯ ಎರಡನೆಯ ಬಾಗಿಲು ದಾಟಿ ಒಳಗೆ ಬಂದಳು. ಮನೆ ಮಬ್ಬಾಗಿತ್ತು. ಮಗ್ಗದ ಮೇಲೆ ದೀಪ ಉರಿಯುತ್ತಿತ್ತು.

ಕುಣಿಯೊಳಗಿಂದ ಸದ್ದು ಬಂತು. ಟಪ್, ಟಪ್.

ಬಂದ್ರೇನು, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಗ್ಗಿ ನೋಡಿದಳು.

ಎರಡು ಕಾಲುಗಳಿದ್ದವು. ಎರಡೂ ತುಳಿಯುತ್ತಿದ್ದವು. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಆಮೇಲೆ ಎಡಗಾಲು ಎರಡು ಸಲ ತುಳಿದು, ತಪ್ಪು ತಿಳಿದಂತೆ ಅರೆಕ್ಷಣ ತಡೆದು, ಮತ್ತೆ ಶುರುವಾಯಿತು. ಚಿಕ್ಕ ಪಾದಗಳು. ಹಲಗೆಯ ತಗ್ಗು ಅವುಗಳ ಸುತ್ತ ಖಾಲಿ ಉಳಿದಿತ್ತು.

ಬನವ್ವ ತನ್ನ ಕಾಲು ನೋಡಿಕೊಂಡಳು. ಅವು ದಂಡೆಯ ಮೇಲೆ, ಸಂತೆಯ ಧೂಳು ಮೆತ್ತಿಕೊಂಡು, ಸುಮ್ಮನೆ ನಿಂತಿದ್ದವು.

ಕಂಡಿಕಿ ಮೈಮರೆತು ಆಡುತ್ತಿತ್ತು. ಅದಕ್ಕೆ ಅವಳು ಇಲ್ಲ ಎಂಬುದು ಗೊತ್ತೇ ಇರಲಿಲ್ಲ. ಅದರ ಪಾಲಿಗೆ ಅವಳು ಕುಣಿಯಲ್ಲೇ ಇದ್ದಳು.

“ಕಂಡಿಕೀ,” ಎಂದು ಮೆಲ್ಲಗೆ ಕರೆದಳು.

ಬೆಕ್ಕಿನ ಕಿವಿ ಹಿಂದಕ್ಕೆ ತಿರುಗಿತು. ಕುಣಿಯೊಳಗಿನ ಕಾಲುಗಳು ತುಳಿಯುವುದನ್ನು ನಿಲ್ಲಿಸಿದವು. ಆಮೇಲೆ, ಊಟದ ಹೊತ್ತಿಗೆ ಏಳುವಂತೆ, ಒಂದಾದ ಮೇಲೊಂದು ಹಲಗೆ ಬಿಟ್ಟು ಎದ್ದು, ಬೆರಳುಗಳನ್ನು ಅವಳು ನಿಂತ ಕಡೆ ತಿರುಗಿಸಿ, ಜೋಡಿಸಿಕೊಂಡು ನಿಂತವು.